ಹೈಸ್ಕೂಲಿನ ಸಮಾಜ ವಿಜ್ಞಾನ: ಪುಸ್ತಕ ಬದಲಾಗುತ್ತದೆ, ಪಾಠ ಬದಲಾಗುತ್ತದೆಯೇ?



ಜೂನ್ ತಿಂಗಳ ಮೊದಲ ಭಾನುವಾರ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳಕ್ಕೆ ಬಂದರೆ ಹೈಸ್ಕೂಲು ಮಕ್ಕಳ ಹೆತ್ತವರಲ್ಲಿ ಒಬ್ಬರಾದರೂ ನಮ್ಮನ್ನು ತಡೆದು ಕೇಳುವ ಪ್ರಶ್ನೆಯೊಂದಿದೆ: "ಫಾದರ್, ಈ ವರ್ಷ ಸಮಾಜದ ಪುಸ್ತಕ ಬದಲಾಗಿದೆಯಂತೆ, ಹೌದಾ?" ಗಣಿತದ ಪುಸ್ತಕದ ಬಗ್ಗೆ ಯಾರೂ ಹೀಗೆ ಕೇಳಿದ್ದು ನಮಗೆ ನೆನಪಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಪತ್ರಿಕೆ, ಟಿವಿ, ಮೊಬೈಲುಗಳಲ್ಲಿ ಸಮಾಜ ವಿಜ್ಞಾನದ ಪುಸ್ತಕ ಎಷ್ಟು ಸುದ್ದಿಯಾಯಿತೆಂದರೆ, ಅದನ್ನು ತೆರೆದು ನೋಡದವರಿಗೂ ಅದರ ಬಗ್ಗೆ ಒಂದು ಅಭಿಪ್ರಾಯವಿದೆ. ತೆರೆದು ನೋಡಿದವರು ಮಾತ್ರ ಕಡಿಮೆ. ನಮ್ಮ ಧರ್ಮಕೇಂದ್ರಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಶಾಲೆಯೊಂದಿಗೆ ಸಂಬಂಧ ಇರುವಂಥವು. ನಮ್ಮ ಗುರುಗಳಲ್ಲಿ ಹಲವರು ಶಾಲಾ ಸಂಚಾಲಕರು, ಭಗಿನಿಯರಲ್ಲಿ ಹಲವರು ಮುಖ್ಯೋಪಾಧ್ಯಾಯಿನಿಯರು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಒಂದು ಪುಸ್ತಕದೊಳಗೆ ಆರು ವಿಷಯ

ಹಿರಿಯ ಓದುಗರು ಇದನ್ನು 'ಸಮಾಜ ಪಾಠ' ಎಂದೇ ಕಲಿತವರು. ಇತಿಹಾಸ, ಭೂಗೋಳ, ಪೌರನೀತಿಗಳನ್ನು ಬೇರೆ ಬೇರೆಯಾಗಿ ಕಲಿಸುವ ಬದಲು, ಮನುಷ್ಯ ಸಮಾಜದಲ್ಲಿ ಬದುಕುವುದನ್ನು ತಿಳಿಸುವ ಒಂದೇ ವಿಷಯವನ್ನಾಗಿ ಕಲಿಸಬೇಕೆಂಬ ಯೋಚನೆ ನಮ್ಮ ದೇಶದಲ್ಲಿ ಬಲಗೊಂಡದ್ದು 1952-53ರ ಮಾಧ್ಯಮಿಕ ಶಿಕ್ಷಣ ಆಯೋಗದಿಂದ. ಮದ್ರಾಸ್ ವಿಶ್ವವಿದ್ಯಾನಿಲಯದ ಕುಲಪತಿ ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅದರ ಅಧ್ಯಕ್ಷರಾಗಿದ್ದರು. ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು, ಮೊದಲ ಮಹಾಚುನಾವಣೆ ಆಗಷ್ಟೇ ಮುಗಿದಿತ್ತು. ಮತ ಹಾಕುವ ಪ್ರಜೆಯನ್ನು ಶಾಲೆಯಲ್ಲೇ ತಯಾರು ಮಾಡಬೇಕೆಂಬುದು ಆ ಕಾಲದ ತುರ್ತು.

ಇಂದು ಕರ್ನಾಟಕ ರಾಜ್ಯ ಪಠ್ಯಕ್ರಮದ 8, 9 ಮತ್ತು 10ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕ ಎರಡು ಭಾಗಗಳಲ್ಲಿ ಬರುತ್ತದೆ. ಅದರೊಳಗೆ ಆರು ವಿಭಾಗಗಳಿವೆ: ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಒಂದೇ ವರ್ಷದಲ್ಲಿ ಯುರೋಪಿಯನ್ನರ ಆಗಮನದಿಂದ ಹಿಡಿದು ಗಾಂಧಿಯುಗದವರೆಗೆ, ವಿದೇಶಾಂಗ ನೀತಿಯಿಂದ ಹಿಡಿದು ಬ್ಯಾಂಕಿನ ಉಳಿತಾಯ ಖಾತೆಯವರೆಗೆ, ಮಾನ್ಸೂನಿನಿಂದ ಹಿಡಿದು ಗ್ರಾಹಕರ ಹಕ್ಕಿನವರೆಗೆ ಎಲ್ಲವನ್ನೂ ಓದಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಇದಕ್ಕೆ 100 ಅಂಕ. 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ.

ದೊಡ್ಡ ಊರಿನ ಕೆಲವು ಶಾಲೆಗಳಲ್ಲಿ 'ಸಮಾಜ ವಿಜ್ಞಾನ ವಿಭಾಗ' ಎಂಬುದು ನಿಜವಾಗಿಯೂ ಇರುತ್ತದೆ. ಮೂವರು ಶಿಕ್ಷಕರು, ಒಂದು ಕೋಣೆ, ಗೋಡೆಯಲ್ಲಿ ನಕ್ಷೆಗಳು, ಮೂಲೆಯಲ್ಲಿ ಭೂಗೋಲ. ನಮ್ಮ ಗ್ರಾಮಾಂತರ ಶಾಲೆಗಳಲ್ಲಿ ವಿಭಾಗವೆಂದರೆ ಒಬ್ಬರೇ ಶಿಕ್ಷಕರು. ಅವರು ಪದವಿಯಲ್ಲಿ ಓದಿದ್ದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇರಬಹುದು. ಭೂಗೋಳವನ್ನು ತಾವು ಹೈಸ್ಕೂಲಿನಲ್ಲಿ ಓದಿದ ನಂತರ ಮತ್ತೆ ಮುಟ್ಟಿರುವುದಿಲ್ಲ. ಆದರೂ ಅಕ್ಷಾಂಶ ರೇಖಾಂಶ ಅವರೇ ಕಲಿಸಬೇಕು. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಹುದ್ದೆ ವರ್ಷಗಟ್ಟಲೆ ತುಂಬದೆ ಆಡಳಿತ ಮಂಡಳಿಯೇ ಗೌರವ ಸಂಬಳ ಕೊಟ್ಟು ಶಿಕ್ಷಕರನ್ನು ಇಟ್ಟುಕೊಳ್ಳುವ ಪರಿಸ್ಥಿತಿಯನ್ನು ನಮ್ಮ ಸಂಚಾಲಕರಿಗೆ ಹೇಳಿಕೊಡಬೇಕಾಗಿಲ್ಲ. ಪಠ್ಯಕ್ರಮದ ಬಗ್ಗೆ ಯಾವ ಮಾತು ಆಡುವಾಗಲೂ ಈ ಒಬ್ಬರೇ ಶಿಕ್ಷಕರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಪುಸ್ತಕ ಎಲ್ಲಿ ತಯಾರಾಗುತ್ತದೆ?

ಪಠ್ಯಕ್ರಮ ಬೇರೆ, ಪಠ್ಯಪುಸ್ತಕ ಬೇರೆ. ಏನು ಕಲಿಸಬೇಕು, ಏಕೆ ಕಲಿಸಬೇಕು, ಯಾವ ವಯಸ್ಸಿಗೆ ಎಷ್ಟು ಎಂಬುದು ಪಠ್ಯಕ್ರಮ. ಅದನ್ನು ಪಾಠಗಳಾಗಿ ಬರೆದು ಅಚ್ಚು ಹಾಕಿಸಿದ್ದು ಪಠ್ಯಪುಸ್ತಕ. ದೇಶದ ಮಟ್ಟದಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು. ಅದರ ಮುಖ್ಯ ಮಾತು, ಶಾಲೆಯ ಒಳಗಿನ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು, ಬಾಯಿಪಾಠವನ್ನು ಬಿಡಿಸಬೇಕು ಎಂಬುದು. ಅದನ್ನು ಅನುಸರಿಸಿ ಕರ್ನಾಟಕವು 2007ರಲ್ಲಿ ತನ್ನದೇ ಚೌಕಟ್ಟನ್ನು ಮಾಡಿಕೊಂಡಿತು. ಪುಸ್ತಕ ಬರೆಸಿ ಅಚ್ಚು ಹಾಕಿಸುವ ಕೆಲಸ ಕರ್ನಾಟಕ ಪಠ್ಯಪುಸ್ತಕ ಸಂಘದ್ದು. ಸಂಶೋಧನೆ ಮತ್ತು ಶಿಕ್ಷಕರ ತರಬೇತಿ ಡಿಎಸ್‌ಇಆರ್‌ಟಿಯದ್ದು. ಪರೀಕ್ಷೆ ಮಂಡಳಿಯದ್ದು. ಹೀಗೆ ಮೂರು ಮನೆಗಳ ಕೆಲಸ ಕೊನೆಗೆ ಒಬ್ಬ ಶಿಕ್ಷಕರ ಮೇಜಿನ ಮೇಲೆ ಬಂದು ಬೀಳುತ್ತದೆ.

ವಿಜ್ಞಾನ ಮತ್ತು ಗಣಿತಕ್ಕೆ ರಾಜ್ಯವು ಎನ್‌ಸಿಇಆರ್‌ಟಿ ಪಠ್ಯವನ್ನು ಒಪ್ಪಿಕೊಂಡಿದೆ. ಸಮಾಜ ವಿಜ್ಞಾನ ಮತ್ತು ಭಾಷೆಗಳು ಮಾತ್ರ ರಾಜ್ಯದವೇ ಆಗಿ ಉಳಿದಿವೆ. ಸರಕಾರ ಬದಲಾದಾಗಲೆಲ್ಲ ಕೈ ಹೋಗುವುದು ಈ ಎರಡು ಕಡೆಗೇ ಎಂಬುದರಲ್ಲಿ ಆಶ್ಚರ್ಯವೇನಿಲ್ಲ. ಪ್ರೊ. ಜಿ.ಎಸ್. ಮುಡಂಬಡಿತ್ತಾಯ ಅವರ ಸಮಿತಿಯ ಕಾಲದಲ್ಲಿ ರೂಪುಗೊಂಡ ಪುಸ್ತಕಗಳನ್ನು ಬರಗೂರು ರಾಮಚಂದ್ರಪ್ಪ ಅವರ ಸಮಿತಿ ಪರಿಷ್ಕರಿಸಿತು; ಅವು 2017-18ರಲ್ಲಿ ಮಕ್ಕಳ ಕೈಗೆ ಬಂದವು. ಅದನ್ನು ರೋಹಿತ್ ಚಕ್ರತೀರ್ಥ ಅವರ ಸಮಿತಿ ಮತ್ತೆ ಪರಿಷ್ಕರಿಸಿದಾಗ 2022ರಲ್ಲಿ ರಾಜ್ಯವಿಡೀ ಗದ್ದಲವಾಯಿತು. ಹತ್ತನೇ ತರಗತಿಯ ಇತಿಹಾಸದಲ್ಲಿ ನಾರಾಯಣ ಗುರುಗಳ ಭಾಗ ಬಿಟ್ಟುಹೋಗಿದೆ ಎಂಬ ವಿಷಯ ನಮ್ಮ ಕರಾವಳಿಯಲ್ಲಿ ಎಷ್ಟು ನೋವು ತಂದಿತೆಂಬುದು ಓದುಗರಿಗೆ ನೆನಪಿರಬಹುದು. 2023ರ ಜೂನ್‌ನಲ್ಲಿ ಹೊಸ ಸರಕಾರ ಆ ಪರಿಷ್ಕರಣೆಯ ಹಲವು ಭಾಗಗಳನ್ನು ಹಿಂತೆಗೆಯಲು ನಿರ್ಧರಿಸಿತು. ಆಗ ಪುಸ್ತಕಗಳು ಅಚ್ಚಾಗಿ ಹಂಚಿಯೂ ಆಗಿದ್ದವು. ಇದನ್ನು ಕಲಿಸಬೇಡಿ, ಅದರ ಬದಲು ಇದನ್ನು ಕಲಿಸಿ ಎಂಬ ಪೂರಕ ಪಾಠಗಳು ಶಾಲೆಗೆ ಬಂದವು. ಡಾ. ಮಂಜುನಾಥ ಹೆಗಡೆಯವರ ಸಮಿತಿಯ ಪರಿಷ್ಕರಣೆ 2024-25ರ ಪುಸ್ತಕಗಳಿಗೆ ಸೇರಿತು.

ಅದಕ್ಕೂ ಮೊದಲು ಇನ್ನೊಂದು ಘಟನೆ ನಡೆದಿತ್ತು. 2020ರ ಜುಲೈಯಲ್ಲಿ ಕೊರೊನಾ ನಿಮಿತ್ತ ಪಠ್ಯ ಕಡಿತ ಮಾಡುವಾಗ ಏಳನೇ ತರಗತಿಯ ಹೈದರಾಲಿ, ಟಿಪ್ಪು ಪಾಠ ಮತ್ತು ಆರನೇ ತರಗತಿಯಲ್ಲಿ ಯೇಸುಕ್ರಿಸ್ತರು ಹಾಗೂ ಪ್ರವಾದಿ ಮುಹಮ್ಮದರ ಕುರಿತಾದ ಪಾಠ ಕಡಿತದ ಪಟ್ಟಿಯಲ್ಲಿ ಕಾಣಿಸಿಕೊಂಡವು. ಆಕ್ಷೇಪ ಬಂದ ಮೇಲೆ ಸರಕಾರ ಪಟ್ಟಿಯನ್ನು ತಡೆಹಿಡಿಯಿತು. ಆಗ ನಮಗೆ ಬಂದ ದೂರವಾಣಿ ಕರೆಗಳು ಅನೇಕ. ಕರೆ ಮಾಡಿದವರನ್ನೆಲ್ಲ ನಾವು ಕೇಳಿದ ಪ್ರಶ್ನೆ ಒಂದೇ: ಆ ಪಾಠದಲ್ಲಿ ಏನಿದೆ, ಓದಿದ್ದೀರಾ? ಓದಿದವರು ಒಬ್ಬರೂ ಇರಲಿಲ್ಲ. ಇದನ್ನು ಯಾರನ್ನೂ ನೋಯಿಸಲು ಹೇಳುತ್ತಿಲ್ಲ. ಆ ದಿನ ಪುಸ್ತಕ ಹುಡುಕಿಕೊಂಡು ಓದಬೇಕಾದ ಸ್ಥಿತಿ ನಮ್ಮದೂ ಆಗಿತ್ತು.

ಗಾಂಧಿನಗರದಲ್ಲಿ ಒಂದು ಬೆಳಿಗ್ಗೆ

ಒಮ್ಮೆ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಬೇಕಾಯಿತು. ಜೊತೆಯಲ್ಲಿ ಪರಿಚಯದ ಸಮಾಜ ವಿಜ್ಞಾನ ಶಿಕ್ಷಕರೊಬ್ಬರಿದ್ದರು. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಗಾಂಧಿನಗರದ ಒಂದು ಸಾಧಾರಣ ವಸತಿಗೃಹದಲ್ಲಿ ಕೋಣೆ ಹಿಡಿದೆವು. ಕರಾವಳಿಯವರಿಗೆ ಬೆಂಗಳೂರೆಂದರೆ ಮೊದಲು ಗಾಂಧಿನಗರವೇ. ಸಿನಿಮಾದವರ ಗಾಂಧಿನಗರ ಬೇರೆ. ನಮ್ಮದು ಬಸ್ಸಿಳಿದು ಇಡ್ಲಿ ತಿಂದು ಕಚೇರಿ ತೆರೆಯುವುದನ್ನು ಕಾಯುವವರ ಗಾಂಧಿನಗರ. ಶಿಕ್ಷಕರಿಗೆ ಸಪ್ನ ಬುಕ್ ಹೌಸಿನಲ್ಲಿ ಕೆಲವು ಪುಸ್ತಕ ಕೊಳ್ಳಬೇಕಿತ್ತು. ಅಂಗಡಿ ತೆರೆಯಲು ಇನ್ನೂ ಎರಡು ಗಂಟೆ ಇತ್ತು. "ಬನ್ನಿ ಫಾದರ್, ಒಂದು ಸುತ್ತು ಹೋಗಿ ಬರುವ" ಎಂದರು.

ಮೊದಲು ರೈಲು ನಿಲ್ದಾಣದ ಕಡೆ. 2016ರಿಂದ ಅದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. 1831ರಲ್ಲಿ ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ ರಾಯಣ್ಣ ಹತ್ತನೇ ತರಗತಿಯ ಇತಿಹಾಸದಲ್ಲಿ ಬರುತ್ತಾನೆ. ಅದೇ ಪಾಠದಲ್ಲಿ, ಕೆಲವು ಪುಟಗಳಾಚೆ ನಮ್ಮ 1837ರ ಅಮರ ಸುಳ್ಯ ದಂಗೆಯೂ ಇದೆ. ಸುಳ್ಯದಿಂದ ಹೊರಟ ರೈತರು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಹಾರಿಸಿದರು. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಗಿ ನೆಲೆ ನಿಂತದ್ದು ಆ ಗುಡ್ಡೆಯಲ್ಲೇ. "ನಮ್ಮ ಮಕ್ಕಳಿಗೆ ರಾಯಣ್ಣನ ಪ್ರಶ್ನೆ ಮೂರು ಅಂಕಕ್ಕೆ ಬರುತ್ತದೆಂದು ಗೊತ್ತು, ಬಾವುಟಗುಡ್ಡೆ ಎಂಬ ಹೆಸರು ಏಕೆ ಬಂತೆಂದು ಕೇಳಿದರೆ ಗೊತ್ತಿಲ್ಲ" ಎಂದು ಶಿಕ್ಷಕರು ನಕ್ಕರು.

ಬಸ್ ನಿಲ್ದಾಣ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಪೇಟೆಗೆ ನೀರು ಕೊಡುತ್ತಿದ್ದ ಧರ್ಮಾಂಬುಧಿ ಕೆರೆ ಇತ್ತು. ಕೆರೆ ಹೋಯಿತು, ಏರಿಯ ನೆನಪು ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಿನಲ್ಲಿ ಉಳಿಯಿತು. ಈಗ ಅಲ್ಲಿನ ನಲ್ಲಿಗೆ ನೀರು ಬರುವುದು ನೂರು ಕಿಲೋಮೀಟರಿನಷ್ಟು ದೂರದ ಕಾವೇರಿಯಿಂದ. ಜಲಸಂಪನ್ಮೂಲ, ನಗರೀಕರಣ, ಸಾರಿಗೆ ಎಂಬ ಮೂರು ಪಾಠಗಳು ಒಂದೇ ಜಾಗದಲ್ಲಿ ನಿಂತು ಹೇಳಬಹುದಾದವು. ಮಂಗಳೂರಿನ ಮಕ್ಕಳಿಗೆ ಇದನ್ನು ತುಂಬೆಯ ಅಣೆಕಟ್ಟಿನ ಮೇಲೆ ನಿಂತು ಹೇಳಬಹುದು.

ಅಲ್ಲಿಂದ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್. ಅದು ಹಿಂದೆ ಬೆಂಗಳೂರಿನ ಕೇಂದ್ರ ಕಾರಾಗೃಹ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಬಂಧಿಸಿ ಇಟ್ಟದ್ದು ಇಲ್ಲಿ. ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಇದು ಉದ್ಯಾನವಾಯಿತು. ಹಳೆಯ ಕೋಣೆಗಳಲ್ಲಿ ಕೆಲವನ್ನು ಹಾಗೆಯೇ ಬಿಟ್ಟಿದ್ದಾರೆ. 2022ರಿಂದ ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡಬೇಕೆಂದರೆ ಇಲ್ಲಿಯೇ ಮಾಡಬೇಕೆಂಬ ನಿಯಮವಿದೆ. ಆ ವರ್ಷದ ಜೂನ್‌ನಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ವಿರುದ್ಧ ಜನರು ಬಂದು ಕುಳಿತದ್ದೂ ಇಲ್ಲೇ. ಹತ್ತನೇ ತರಗತಿಯ ಸಮಾಜಶಾಸ್ತ್ರದಲ್ಲಿ 'ಸಾಮೂಹಿಕ ವರ್ತನೆ ಮತ್ತು ಪ್ರತಿಭಟನೆಗಳು' ಎಂಬ ಪಾಠವಿದೆ. ಚಿಪ್ಕೊ, ಅಪ್ಪಿಕೊ, ಕೈಗಾ ವಿರೋಧಿ ಚಳವಳಿಗಳೆಲ್ಲ ಅದರಲ್ಲಿ ಬರುತ್ತವೆ. ಪ್ರತಿಭಟನೆಗೆ ಒಂದೇ ಜಾಗವನ್ನು ಗೊತ್ತು ಮಾಡುವುದು ಸರಿಯೇ, ಸಂಚಾರಕ್ಕೆ ತೊಂದರೆಯಾಗುವವರ ಹಕ್ಕು ಏನು? ಹದಿನೈದರ ಮಕ್ಕಳು ಇದನ್ನು ಒಂದು ಗಂಟೆ ಚರ್ಚಿಸಬಲ್ಲರು.

ನಮ್ಮ ಶಾಲೆಗಳು ಬೆಂಗಳೂರಿಗೆ ಪ್ರವಾಸ ಬರುವುದಿಲ್ಲವೆಂದಲ್ಲ. ಬರುತ್ತವೆ. ವಿಧಾನಸೌಧದ ಎದುರು ಫೋಟೋ, ವಿಶ್ವೇಶ್ವರಯ್ಯ ಮ್ಯೂಸಿಯಂ, ಲಾಲ್‌ಬಾಗ್, ಸಂಜೆ ಮಾಲ್. ಗಾಂಧಿನಗರದಲ್ಲಿ ಬಸ್ಸು ನಿಲ್ಲುವುದು ಊಟಕ್ಕೆ ಮಾತ್ರ.

ಹತ್ತು ಗಂಟೆಗೆ ಅಂಗಡಿ ತೆರೆಯಿತು. ನೆಲದಿಂದ ಚಾವಣಿಯವರೆಗೆ ಗೈಡುಗಳು, ಪ್ರಶ್ನಕೋಶಗಳು, 'ಪಾಸಿಂಗ್ ಪ್ಯಾಕೇಜು'ಗಳು. ಶಿಕ್ಷಕರು ಎರಡು ಇತಿಹಾಸ ಪುಸ್ತಕ ತೆಗೆದುಕೊಂಡರು, ನಾಲ್ಕು ಪ್ರಶ್ನಕೋಶವನ್ನೂ ತೆಗೆದುಕೊಂಡರು. ನಾವು ಹುಬ್ಬೇರಿಸಿದ್ದನ್ನು ನೋಡಿ, "ಫಾದರ್, ಫಲಿತಾಂಶ ಕಡಿಮೆಯಾದರೆ ಸಭೆಯಲ್ಲಿ ಉತ್ತರ ಕೊಡಬೇಕಾದವನು ನಾನು" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂಕ ಮತ್ತು ತಿಳಿವಳಿಕೆ

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ. 94ರೊಂದಿಗೆ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇ. 62ರ ಆಸುಪಾಸಿಗೆ ಕುಸಿದಾಗಲೂ ದಕ್ಷಿಣ ಕನ್ನಡ ಶೇ. 91ರೊಂದಿಗೆ ಮೊದಲು, ಉಡುಪಿ ಎರಡನೆಯದು. ಇದರ ಹಿಂದೆ ಶಿಕ್ಷಕರ ಬೆವರಿದೆ, ಬೆಳಿಗ್ಗೆ ಸಂಜೆಯ ವಿಶೇಷ ತರಗತಿಗಳಿವೆ. ಅದನ್ನು ಕಡಿಮೆ ಮಾಡಿ ಹೇಳುವವರಲ್ಲ ನಾವು.

ಆದರೆ ಆಂತರಿಕ ಮೌಲ್ಯಮಾಪನದ ಆ 20 ಅಂಕಗಳನ್ನು ನೋಡೋಣ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಮಕ್ಕಳ ಭಾಷೆಯಲ್ಲಿ ಎಫ್‌ಎ. ಪ್ರತಿಯೊಂದರಲ್ಲೂ ಚಟುವಟಿಕೆಗಳು. ಚೌಕಟ್ಟು ಬರೆದವರ ಆಸೆ, ಮಗು ಇಲ್ಲಿ ತಾನೇ ಹುಡುಕಬೇಕು, ಕೇಳಬೇಕು, ನೋಡಬೇಕು ಎಂಬುದು. ನಡೆಯುವುದು ಏನು? ಒಂದು ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ವಿಶ್ವಸಂಸ್ಥೆಯ ಕುರಿತು ನಲ್ವತ್ತಕ್ಕೂ ಹೆಚ್ಚು ಆಲ್ಬಂಗಳ ರಾಶಿಯನ್ನು ನಾವು ನೋಡಿದೆವು. ಹತ್ತು ತೆರೆದೆವು. ಹತ್ತರಲ್ಲೂ ಅದೇ ನೀಲಿ ಧ್ವಜ, ಅದೇ ಕಟ್ಟಡ, ಅದೇ ಪ್ಯಾರಾಗಳು. ಹತ್ತಿರದ ಝೆರಾಕ್ಸ್ ಅಂಗಡಿಯವರು ಪ್ರಾಜೆಕ್ಟಿನ ಹೆಸರು ಹೇಳಿದರೆ ಸಾಕು, ಚಿತ್ರಗಳ ಹಾಳೆ ತೆಗೆದುಕೊಡುತ್ತಾರೆ. ಕತ್ತರಿಸಿ ಅಂಟಿಸಿದ್ದು ಅಮ್ಮ. ಅಂಕ ಮಗುವಿಗೆ.

ಈ 20 ಅಂಕಗಳಿಗೆ ಮಂಡಳಿ ಪ್ರಶ್ನೆ ಕಳುಹಿಸುವುದಿಲ್ಲ. ಯಾವ ಸಮಿತಿ ಬಂದರೂ ಹೋದರೂ ಶಾಲೆಯ ಕೈಯಲ್ಲಿ, ಆ ಒಬ್ಬರೇ ಶಿಕ್ಷಕರ ಕೈಯಲ್ಲಿ ಉಳಿಯುವ ಜಾಗವಿದು. ಒಂದು ಶಾಲೆ ತನ್ನದೇ ಪಠ್ಯಕ್ರಮವನ್ನು ಕಟ್ಟಿಕೊಳ್ಳಬಹುದಾದ ಬಾಗಿಲು ಇದ್ದರೆ ಅದು ಇಲ್ಲಿದೆ.

ಮುರಕಲ್ಲು, ಬ್ಯಾಂಕು ಮತ್ತು 1784

ಕೆಲವು ಉದಾಹರಣೆಗಳನ್ನು ಕೊಡುತ್ತೇವೆ. ಪುಸ್ತಕದಲ್ಲಿ 'ಜಂಬಿಟ್ಟಿಗೆ ಮಣ್ಣು' ಎಂದು ಓದುವ ನಮ್ಮ ಮಗುವಿಗೆ, ತನ್ನ ಮನೆಯ ಗೋಡೆಯ ಮುರಕಲ್ಲು ಅದೇ ಎಂದು ಹೊಳೆಯುವುದಿಲ್ಲ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕನನ್. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರ್ ಪ್ರಾಂತಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಹಾಗೆ ಕರೆದರು. ಒಂದು ಮುರಕಲ್ಲಿನ ತುಂಡನ್ನು ತರಗತಿಗೆ ತಂದರೆ ಭೂಗೋಳ, ಇತಿಹಾಸ, ಕಟ್ಟಡ ಕೆಲಸದವರ ಜೀವನ ಎಲ್ಲವೂ ಬರುತ್ತದೆ.

ವ್ಯವಹಾರ ಅಧ್ಯಯನದಲ್ಲಿ ಬ್ಯಾಂಕಿನ ಪಾಠ. ಅವಿಭಜಿತ ದಕ್ಷಿಣ ಕನ್ನಡದಲ್ಲಿ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕುಗಳು ಹುಟ್ಟಿದವು. ನಮ್ಮ ಸಮುದಾಯದ ಎಂಸಿಸಿ ಬ್ಯಾಂಕು 1912ರದ್ದು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಂದಿಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾದವು. ಮನೆಯಲ್ಲಿ ಹಳೆಯ ಪಾಸ್‌ಬುಕ್ಕು ಇಲ್ಲದ ಮಗು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಎಫ್‌ಎ ಚಟುವಟಿಕೆಗೆ ಅದೇ ಸಾಕು.

ಈಗ ಕಷ್ಟದ ಪಾಠಕ್ಕೆ ಬರೋಣ. ಎರಡನೇ ಆಂಗ್ಲೊ-ಮೈಸೂರು ಯುದ್ಧವು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದೊಂದಿಗೆ ಮುಗಿಯಿತು ಎಂದು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಒಂದು ಅಂಕದ ಪ್ರಶ್ನೆ. ಆ ದಿನಾಂಕಕ್ಕೆ ಸುಮಾರು ಎರಡು ವಾರ ಮೊದಲು, ತಪಸ್ಸುಕಾಲದ ಆರಂಭದಲ್ಲಿ, ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತೆಂಬುದು, ಚರ್ಚುಗಳನ್ನು ಕೆಡವಲಾಯಿತೆಂಬುದು, 1799ರ ಮೇ 4ರಂದು ಟಿಪ್ಪು ಮಡಿದ ಮೇಲೆಯೇ ಉಳಿದವರು ಊರಿಗೆ ಮರಳಿದರೆಂಬುದು ಮನೆಯಲ್ಲಿ ಅಜ್ಜಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದೇ ಊರು, ಒಂದೇ ತಿಂಗಳು, ಎರಡು ಇತಿಹಾಸ. ಮಗು ಒಂದನ್ನು ಪರೀಕ್ಷೆಗೆ ಬರೆಯುತ್ತದೆ, ಇನ್ನೊಂದನ್ನು ಎದೆಯಲ್ಲಿ ಇಟ್ಟುಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ತಂದು ಮಾತಾಡುವವರಿಲ್ಲ.

ಟಿಪ್ಪುವಿನ ವಿಷಯ ರಾಜಕೀಯದವರ ಕೈಗೆ ಸಿಕ್ಕಿ ಏನಾಗಿದೆಯೆಂದು ನಮಗೆಲ್ಲ ಗೊತ್ತಿದೆ. 2015ರಲ್ಲಿ ಸರಕಾರಿ ಜಯಂತಿ ಆರಂಭವಾಯಿತು, 2019ರಲ್ಲಿ ನಿಂತಿತು, ಎರಡೂ ಸಲ ನಮ್ಮ ಪೂರ್ವಿಕರ ಸಂಕಟವನ್ನು ಭಾಷಣಕ್ಕೆ ಬಳಸಿಕೊಂಡವರು ಬೇರೆ ಯಾರೋ. ನಮ್ಮ ಅಭಿಪ್ರಾಯ ಹೀಗಿದೆ: ಈ ಪಾಠವನ್ನು ಬಿಡಬಾರದು, ದ್ವೇಷಕ್ಕಾಗಿ ಕಲಿಸಲೂಬಾರದು. ಇತಿಹಾಸಕಾರರು ಕಲಿಸುವ ರೀತಿಯಲ್ಲೇ ಕಲಿಸಬೇಕು. ಸೆರೆಯಾದವರ ಸಂಖ್ಯೆ ಒಂದು ದಾಖಲೆಯಲ್ಲಿ ಒಂದಾದರೆ ಇನ್ನೊಂದರಲ್ಲಿ ಅದರ ಎರಡರಷ್ಟಿದೆ. ಏಕೆ ಹೀಗೆ? ಬರೆದವರು ಯಾರು, ಯಾವಾಗ ಬರೆದರು? ಯುದ್ಧದಲ್ಲಿ ಕ್ರೈಸ್ತರು ಬ್ರಿಟಿಷರಿಗೆ ನೆರವಾದರೆಂಬ ಆರೋಪಕ್ಕೆ ಆಧಾರವೇನು? ಇದೇ ಟಿಪ್ಪು 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಪತ್ರ ಬರೆದು ನೆರವು ಕಳುಹಿಸಿದ; ಆ ಪತ್ರಗಳು 1916ರಲ್ಲಿ ಮಠದಲ್ಲಿ ಸಿಕ್ಕಿದವು. ಇದು ಹೇಗೆ, ಅದು ಹೇಗೆ? ಅಲನ್ ಮಚಾದೊ ಪ್ರಭು ಅವರಂಥವರು ಸೆರೆವಾಸದ ಬಗ್ಗೆ ದಾಖಲೆಗಳನ್ನು ಇಟ್ಟುಕೊಂಡು ಬರೆದಿದ್ದಾರೆ. ಶಾಲೆಯ ಗ್ರಂಥಾಲಯದಲ್ಲಿ ಅಂಥ ಒಂದು ಪುಸ್ತಕವಿದ್ದರೆ ಶಿಕ್ಷಕರಿಗೆ ಧೈರ್ಯ ಬರುತ್ತದೆ. ತರಗತಿಯಲ್ಲಿ ಕ್ರೈಸ್ತ, ಹಿಂದೂ, ಮುಸ್ಲಿಂ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಎಲ್ಲರೂ ತಲೆ ಎತ್ತಿಕೊಂಡು ಹೊರಹೋಗುವ ಹಾಗೆ ಇದನ್ನು ಕಲಿಸುವುದು ಸುಲಭವಲ್ಲ. ತರಬೇತಿ ಬೇಕು. ನಮ್ಮ ಶಿಕ್ಷಣ ಮಂಡಳಿಗಳು ವರ್ಷಕ್ಕೊಮ್ಮೆ ನಡೆಸುವ ಶಿಕ್ಷಕರ ಕಾರ್ಯಾಗಾರದಲ್ಲಿ ವ್ಯಕ್ತಿತ್ವ ವಿಕಸನದ ಭಾಷಣವೊಂದನ್ನು ಕಡಿಮೆ ಮಾಡಿ ಇದಕ್ಕೆ ಅರ್ಧ ದಿನ ಕೊಡಬಹುದು.

ಅಜ್ಜಿಯ ಪೆಟ್ಟಿಗೆ

ಇದಕ್ಕಿಂತ ಹತ್ತಿರದ ಇತಿಹಾಸವೂ ಸುಲಭವಲ್ಲ. ಗಾಂಧಿನಗರಕ್ಕೆ ನಮ್ಮ ಜೊತೆ ಬಂದ ಶಿಕ್ಷಕರು ಒಂದು ವರ್ಷ ಆಲ್ಬಂ ಬೇಡವೆಂದು ಹೇಳಿ, ಒಂಬತ್ತನೇ ತರಗತಿಯವರಿಗೆ ಒಂದು ಕೆಲಸ ಕೊಟ್ಟರು: ನೀವು ಇರುವ ಜಾಗ ನಿಮಗೆ ಹೇಗೆ ಬಂತೆಂದು ಮನೆಯ ಹಿರಿಯರನ್ನು ಕೇಳಿ, ಎರಡು ಪುಟ ಬರೆದು ತನ್ನಿ. ದೇವರಾಜ ಅರಸರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ಡಿಕ್ಲರೇಶನ್ ಸಲ್ಲಿಸಿ ನ್ಯಾಯಮಂಡಳಿಯ ಮುಂದೆ ನಿಂತು ಭೂಮಿ ಪಡೆದರು. ಚಾಲಗೇಣಿಯ ನಮ್ಮ ಜಿಲ್ಲೆಯಲ್ಲಿ ಅದರಿಂದ ಆದ ಬದಲಾವಣೆ ಬೇರೆಡೆಗಿಂತ ದೊಡ್ಡದು. ಈಗಲೂ ಹಿರಿಯರು 'ಡಿಕ್ಲರೇಶನ್ ಜಾಗ' ಎನ್ನುತ್ತಾರೆ.

ಮಕ್ಕಳು ಬರೆದು ತಂದರು. ಒಬ್ಬ ಹುಡುಗನ ಅಜ್ಜಿ ಪೆಟ್ಟಿಗೆಯಿಂದ ನ್ಯಾಯಮಂಡಳಿಯ ಆದೇಶದ ಪ್ರತಿಯನ್ನೇ ತೆಗೆದುಕೊಟ್ಟಿದ್ದರು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮಡಚದೆ ತಂದಿದ್ದ. ಅದೇ ಬೆಂಚಿನ ಇನ್ನೊಬ್ಬ ಹುಡುಗಿ ಬರೆದದ್ದು: ನಮ್ಮ ಅಜ್ಜನ ಕಾಲದಲ್ಲಿ ಗೇಣಿ ಅಕ್ಕಿ ಬರುತ್ತಿತ್ತು, ನಂತರ ನಿಂತಿತು, ಅಜ್ಜ ಬೊಂಬಾಯಿಗೆ ಕೆಲಸಕ್ಕೆ ಹೋದರು. ಎರಡೂ ಕಥೊಲಿಕ ಮನೆಗಳು. ಒಂದೇ ಚರ್ಚಿನವು. ಒಬ್ಬರ ಮನೆಯಲ್ಲಿ ಹಬ್ಬವಾಗಿ ನೆನಪಿರುವುದು ಇನ್ನೊಬ್ಬರ ಮನೆಯಲ್ಲಿ ನಷ್ಟವಾಗಿ ನೆನಪಿದೆ. ಶಿಕ್ಷಕರು ಎರಡನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು, ಮಕ್ಕಳ ಒಪ್ಪಿಗೆ ಕೇಳಿಯೇ ಓದಿಸಿದರು. ಒಬ್ಬರ ಹೆತ್ತವರು ಶಾಲೆಗೆ ಬಂದು, ಮನೆಯ ಮಾತನ್ನು ಹೊರಗೆ ಹಾಕಿಸುತ್ತೀರಾ ಎಂದು ಜೋರು ಮಾಡಿದರು. ಮುಖ್ಯೋಪಾಧ್ಯಾಯಿನಿ ಭಗಿನಿ ಅವರನ್ನು ಕೂರಿಸಿ ಚಹಾ ಕೊಟ್ಟು, ಮಗಳು ಬರೆದದ್ದನ್ನು ಓದಲು ಕೊಟ್ಟರು. ಅವರು ಓದಿದರು. ಮತ್ತೆ ಜಗಳವಾಗಲಿಲ್ಲ. ಸಮಾಧಾನವಾಯಿತೆಂದೂ ಹೇಳಲಾಗದು.

ಉಳಿದ ಕಾರ್ಯಕ್ರಮಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಶಾಲಾ ಸಂಸತ್ತಿನ ಚುನಾವಣೆ ಎಲ್ಲ ಶಾಲೆಗಳಲ್ಲೂ ಇದೆ. ಮೊಬೈಲನ್ನೇ ಮತಯಂತ್ರ ಮಾಡಿ ಚೆನ್ನಾಗಿ ನಡೆಸುವವರೂ ಇದ್ದಾರೆ. ಆದರೆ ಗೆದ್ದ ಮಂತ್ರಿಗಳಿಗೆ ವರ್ಷವಿಡೀ ಸಾಲು ನಿಲ್ಲಿಸುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಸಂವಿಧಾನದ ಪ್ರಸ್ತಾವನೆಯನ್ನು ಓದಿಸುತ್ತೇವೆ, ಒಳ್ಳೆಯದು, ಅದರ ಒಂದೊಂದು ಪದಕ್ಕೆ ಒಂದು ವಾರ ಕೊಟ್ಟರೆ ಇನ್ನೂ ಒಳ್ಳೆಯದು. ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದಿದೆ. ನಮ್ಮ ಮಕ್ಕಳು ಅಲ್ಲಿ ಹೋಗಿ ಸ್ವಾಗತ ನೃತ್ಯ ಮಾಡಿ ಬರುವುದಕ್ಕಿಂತ, ಶಾಲೆಯ ಎದುರಿನ ರಸ್ತೆಗೆ ಹಂಪ್ ಏಕೆ ಇಲ್ಲವೆಂದು ಕೇಳಿ ಬರಲಿ. ಎಂಟನೇ ತರಗತಿಯವರು ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ 180 ಅಂಕಗಳಲ್ಲಿ 35 ಸಮಾಜ ವಿಜ್ಞಾನಕ್ಕೆ ಎಂಬುದನ್ನೂ ಬಡ ಕುಟುಂಬಗಳ ಹೆತ್ತವರಿಗೆ ವಾರ್ಡಿನ ಗುರಿಕಾರರು ತಿಳಿಸಬೇಕು. ಇದು ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಇರುವಂಥದ್ದು.

ಚರ್ಚುಗಳಲ್ಲಿ ಶತಮಾನೋತ್ಸವದ ಸ್ಮರಣ ಸಂಚಿಕೆಗಳು ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿವೆ. ಊರಿನ ಇತಿಹಾಸ, ಹಳೆಯ ಫೋಟೋ, ಮೊದಲ ಶಾಲೆಯ ಹಾಜರಿ ಎಲ್ಲವೂ ಅವುಗಳಲ್ಲಿ ಇರುತ್ತದೆ. ಒಂದು ಪ್ರತಿಯನ್ನು ಹತ್ತಿರದ ಶಾಲೆಯ ಸಮಾಜ ವಿಜ್ಞಾನ ಶಿಕ್ಷಕರಿಗೆ ಕೊಡುವುದಕ್ಕೆ ಯಾವ ಸಮಿತಿಯ ಅನುಮತಿಯೂ ಬೇಕಾಗಿಲ್ಲ. ಸ್ನಾನದೀಕ್ಷೆಯ ದಾಖಲೆ ಪುಸ್ತಕಗಳು ಬೇರೆ ಮಾತು. ಅವುಗಳಲ್ಲಿ ಕುಟುಂಬಗಳ ಖಾಸಗಿ ವಿಷಯಗಳಿವೆ, ಮಕ್ಕಳ ಕೈಗೆ ಕೊಡಬಾರದು. ಸ್ಮಶಾನದ ಕಲ್ಲುಗಳನ್ನು ಯಾರೂ ಓದಬಹುದು.

ಹೆತ್ತವರಿಗೆ ಒಂದು ಮಾತು. ಪುಸ್ತಕ ಬದಲಾಗಿದೆಯೇ ಎಂದು ಅಂಗಳದಲ್ಲಿ ನಮ್ಮನ್ನು ಕೇಳಬೇಕಾಗಿಲ್ಲ. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಪುಸ್ತಕ ಉಚಿತವಾಗಿ ಮನೆಗೆ ಬರುತ್ತದೆ. ಪಠ್ಯಪುಸ್ತಕ ಸಂಘವು ಎಲ್ಲ ಪುಸ್ತಕಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ತೆರೆದು ಓದುವಂತೆ ಇಟ್ಟಿದೆ. ಮೊದಲ ಎಫ್‌ಎ ಜುಲೈ ಹೊತ್ತಿಗೆ ಇರುತ್ತದೆ, ಶಿಕ್ಷಕ-ರಕ್ಷಕ ಸಂಘದ ಸಭೆ ಸಾಮಾನ್ಯವಾಗಿ ಅದಕ್ಕೂ ಮೊದಲು. ಈ ಸಲದ ಸಭೆಯಲ್ಲಿ ಶೌಚಾಲಯ, ಬಸ್ಸು, ಸಮವಸ್ತ್ರದ ಮಾತು ಮುಗಿದ ಮೇಲೆ ಸಮಾಜ ವಿಜ್ಞಾನದ ಶಿಕ್ಷಕರನ್ನು ಎರಡು ನಿಮಿಷ ಮಾತಾಡಿಸಿ, ಈ ವರ್ಷ ಮಕ್ಕಳಿಗೆ ಯಾವ ಚಟುವಟಿಕೆ ಕೊಡುತ್ತೀರೆಂದು ಕೇಳಿ. ಅಜ್ಜ ಅಜ್ಜಿಯರನ್ನು ಕೇಳಿ ಬರೆಯುವ ಕೆಲಸ ಕೊಟ್ಟರೆ ಮನೆಯಲ್ಲಿ ನಿಮ್ಮ ಅಡ್ಡಿ ಇಲ್ಲವೆಂದೂ ಅವರಿಗೆ ಹೇಳಿಬಿಡಿ.